ತಂಗಳು ನೀರಿನ ತೋಟ

ಇಪ್ಪತ್ತೆರಡು ವರ್ಷ ಮಹಾರಾಷ್ಟ್ರ ಸರಕಾರದ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವಳು ನಾನು. ಸೊಲ್ಲಾಪುರದಿಂದ ಅಕ್ಕಲಕೋಟ, ಅಲ್ಲಿಂದ ಮೈಂದರ್ಗಿ, ಮತ್ತೆ ವಾಪಸು. ಆ ರಸ್ತೆಯಲ್ಲಿ ಯಾರು ಟಿಕೆಟ್ ತಪ್ಪಿಸುತ್ತಾರೆ, ಯಾರು ಕುರಿಮರಿಯನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಹತ್ತುತ್ತಾರೆ ಎಂಬುದನ್ನು ಮುಖ ನೋಡಿಯೇ ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂಡುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಹಿಂದಿನ ಬಾಗಿಲಿನಿಂದ ಡ್ರೈವರನಿಗೆ ಕೇಳುವಂತೆ ಕೂಗಿ ಬೆಳೆಸಿದ ದನಿಯನ್ನು ಮನೆಯೊಳಗೆ ಎಲ್ಲಿ ಇಡುವುದು? ನಮ್ಮ ಕಾಲನಿಯ ತರಕಾರಿ ತೋಟದ ವಿಷಯ ಹೇಳುವಾಗಲೂ ಆ ದನಿ ಸ್ವಲ್ಪ ಏರುತ್ತದೆ. ತಪ್ಪು ಮಾಡಿದ್ದೂ ಅದೇ ದನಿಯೇ, ಅದನ್ನೂ ಹೇಳುತ್ತೇನೆ.

ಕಾಲನಿ ಇರುವುದು ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಕಡೆ. ಮುಂದಿನ ಸಾಲುಗಳಲ್ಲಿ ನಮ್ಮಂಥ ಪಗಾರದವರು, ಹಿಂದಿನ ಓಣಿಗಳಲ್ಲಿ ಟಾವೆಲ್ ಕಾರಖಾನೆ, ಬೀಡಿ, ಗೌಂಡಿ ಕೆಲಸದ ಕೂಲಿಯವರು. ಎರಡರ ನಡುವೆ ಒಂದು ಬುದ್ಧವಿಹಾರ. ಲಾಕ್‌ಡೌನಿನ ದಿನಗಳಲ್ಲಿ ಆ ವಿಹಾರದ ಪಕ್ಕದ ಖೋಲಿಯಲ್ಲಿ ಕೆಲವು ಹೆಂಗಸರು ಜೋಳ, ಬೇಳೆ, ಎಣ್ಣೆ ಕೂಡಿಡಲು ಶುರುಮಾಡಿದರು. ಇದ್ದವರು ತಂದಿಡುವುದು, ಇಲ್ಲದವರು ಒಯ್ಯುವುದು. ಲಾಕ್‌ಡೌನು ಹೋಯಿತು, ಖೋಲಿ ಉಳಿಯಿತು. ಕಾರಖಾನೆ ನಿಂತಾಗ, ದುಡಿಯುವವರು ಹಾಸಿಗೆ ಹಿಡಿದಾಗ ಅಲ್ಲಿಗೆ ಬರುವ ಮನೆಗಳೂ ಉಳಿದವು. ಅದನ್ನು ಎಲ್ಲರೂ ಬ್ಯಾಂಕು ಎನ್ನುತ್ತಾರೆ, ಯಾಕೆಂದರೆ ಇವತ್ತು ಒಯ್ದವಳು ನಾಳೆ ತಂದಿಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ.

ಆ ಬ್ಯಾಂಕಿನ ಬೀಗದ ಕೈ ಇರುವುದು ನನ್ನ ಗೆಳತಿಯ ಸೊಂಟದಲ್ಲಿ. ಅಕ್ಕಲಕೋಟದ ಕಡೆಯ ಹಳ್ಳಿಯ, ಬೌದ್ಧರಾದ ದಲಿತ ಮನೆತನದವಳು, ಟಾವೆಲಿನ ಅಂಚು ಹೊಲಿಯುವ ಕೆಲಸ. ನಾನು ಹುಲಜಂತಿ ಕಡೆಯ ಕುರಿ ಕಾಯುವ ಮನೆಯವಳು. ಆಕೆ ನನಗಿಂತ ಎರಡು ವರ್ಷ ದೊಡ್ಡವಳು, ಅಕ್ಕಾ ಎನ್ನುತ್ತೇನೆ. ಆಕೆ ನನ್ನನ್ನು ಬಾಯಿ ಎನ್ನುತ್ತಾಳೆ, ಸಿಟ್ಟು ಬಂದರೆ ಮಾತ್ರ ಕಂಡಕ್ಟರ್ ಬಾಯಿ. ನಾನು ಹತ್ತು ಮಾತು ಆಡುವಷ್ಟರಲ್ಲಿ ಆಕೆ ಒಂದು ಆಡುತ್ತಾಳೆ, ಕೊನೆಗೆ ನಡೆಯುವುದು ಆ ಒಂದೇ.

ಬ್ಯಾಂಕಿಗೆ ಜೋಳದ ಕೊರತೆ ಎಂದೂ ಬಂದಿಲ್ಲ. ಮಂಗಳವೇಢೆಯಲ್ಲಿ ನೆಂಟರಿರುವವರು ಸುಗ್ಗಿಯಲ್ಲಿ ಒಂದೊಂದು ಚೀಲ ಹೊರಿಸಿಕೊಂಡು ಬರುತ್ತಾರೆ. ಬೇಸಿಗೆ ಹತ್ತಿತೆಂದರೆ ಕಾಯಿಪಲ್ಯವೇ ಇಲ್ಲ. ಸಂತೆಯಲ್ಲಿ ಸಿಗುವುದು ಬಾಡಿದ್ದು, ಅದರ ಬೆಲೆ ಮಾತ್ರ ಬಾಡಿರುವುದಿಲ್ಲ. ಒಂದು ದಿನ ಬೀಡಿ ಕಟ್ಟುವ ಮುದುಕಿಯೊಬ್ಬಳು ಜೋಳ ತುಂಬಿಕೊಂಡು ಹೊಸ್ತಿಲಲ್ಲಿ ನಿಂತು, ರೊಟ್ಟಿಯಂತೂ ಆಯಿತು, ಹಚ್ಚಿಕೊಂಡು ತಿನ್ನುವುದಕ್ಕೆ ಏನಿದೆ ಎಂದು ಕೇಳಿದಳು. ಶೇಂಗಾ ಚಟ್ನಿ ಇದೆಯಲ್ಲ ಎಂದೆ. ಎರಡು ತಿಂಗಳಿನಿಂದ ಅದೇ ಇದೆ, ಹೊಟ್ಟೆ ಉರಿಯುತ್ತದೆ ಎಂದಳು. ಆ ಸಂಜೆಯೇ ತೋಟದ ಮಾತು ಎದ್ದಿತು.

ಕಾಲನಿಯ ಹಿಂದೆ ಹೌಸಿಂಗ್ ಸೊಸಾಯಿಟಿಯ ಖಾಲಿ ಜಾಗವಿತ್ತು. ಮಕ್ಕಳ ಉದ್ಯಾನಕ್ಕೆಂದು ಬಿಟ್ಟದ್ದು, ಜಾಲಿ ಬೆಳೆದು ನಾಯಿಗಳೂ ಹೋಗುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಬೋರು, ಅದರ ವಾಲ್ವಿನ ಕೀಲಿ ಸೊಸಾಯಿಟಿಯ ಅಧ್ಯಕ್ಷರ ಹತ್ತಿರ. ಅವರು ಕೆಟ್ಟ ಮನುಷ್ಯರಲ್ಲ. ಒಳ್ಳೆಯವನೆಂದು ಬೋರ್ಡು ಹಾಕಿಸಿಕೊಳ್ಳುವ ಚಟ, ಅಷ್ಟೇ. ಬೇಸಿಗೆಯಲ್ಲಿ ಇಲ್ಲಿ ಜಾಲಿಗೂ ನೆರಳು ಬೇಕು, ನೀವು ಬೆಂಡೆಕಾಯಿ ಬೆಳೆಯುತ್ತೀರಾ ಎಂದು ಮೊದಲು ನಕ್ಕರು. ಆಮೇಲೆ ಜಾಗ ಕೊಟ್ಟರು, ದಿನಾ ಸಂಜೆ ಒಂದು ತಾಸು ಬೋರಿನ ನೀರನ್ನೂ ಕೊಟ್ಟರು. ಕೊಟ್ಟದ್ದನ್ನು ಕಂಡವರಿಗೆಲ್ಲ ಹೇಳಿದರು. ಹೇಳಲಿ ಬಿಡು ಎಂದುಕೊಂಡೆವು.

ಹನ್ನೊಂದು ಜನ ಸೇರಿ ಜಾಲಿ ಕಡಿದೆವು. ಗೊಬ್ಬರ ನಾನು ತರುತ್ತೇನೆ ಎಂದು ಜಂಬದಿಂದ ಹೇಳಿ, ನಮ್ಮ ಅಣ್ಣನ ಕುರಿ ಹಟ್ಟಿಯಿಂದ ಹಿಕ್ಕೆ ತುಂಬಿದ ಚೀಲಗಳನ್ನು ಟೆಂಪೋದಲ್ಲಿ ತರಿಸಿದೆ. ನಮ್ಮ ದೇವರು ಬೀರಪ್ಪನ ಕುರಿಯ ಹಿಕ್ಕೆ ಬಿದ್ದ ಹೊಲ ಬಂಗಾರ ಎಂದು ನಮ್ಮವರು ಹೇಳುವುದುಂಟು. ಶಿವರಾತ್ರಿ ಕಳೆದು ಬಿತ್ತಿದೆವು: ಬೆಂಡೆ, ಚೌಳಿ, ಹೀರೆ, ಸವತೆ, ಒಂದು ಮಡಿ ರಾಜಗಿರಿ. ವಾರದಲ್ಲಿ ನೆಲ ಹಸಿರಾಯಿತು. ನಾನು ಊರಿಗೆಲ್ಲ ಸುದ್ದಿ ಮುಟ್ಟಿಸಿದೆ. ಗೆಳತಿ ಬಗ್ಗಿ ನೋಡಿ, ಒಂದು ಸಸಿ ಕಿತ್ತು ನನ್ನ ಅಂಗೈ ಮೇಲೆ ಇಟ್ಟಳು. ಜಾಲಿ. ಬೇಸಿಗೆಯಲ್ಲಿ ಕುರಿಗಳು ತಿನ್ನುವುದೇ ಜಾಲಿಯ ಕಾಯಿ, ಬೀಜ ಹೊಟ್ಟೆಯೊಳಗಿಂದ ಹಾಗೇ ಬರುತ್ತದೆ. ಕುರುಬರ ಮನೆಯಲ್ಲಿ ಹುಟ್ಟಿದವಳಿಗೆ ಅಷ್ಟು ಗೊತ್ತಿರಬೇಕಿತ್ತು. ಮೂರು ದಿನ ಎಲ್ಲರೂ ಸೊಂಟ ಬಗ್ಗಿಸಿ ಜಾಲಿ ಕಿತ್ತರು, ಮೂರೂ ದಿನ ನನ್ನನ್ನು ಬಂಗಾರ ಬಾಯಿ ಎಂದು ಕರೆದರು.

ಯುಗಾದಿಯ ಹೊತ್ತಿಗೆ ಬೆಂಡೆ ಹೂಬಿಟ್ಟಿತು. ಅಧ್ಯಕ್ಷರು ನನ್ನನ್ನು ಮನೆಗೆ ಕರೆಸಿ ಚಹಾ ಕೊಟ್ಟರು. ಮೊದಲ ಕಾಯಿ ಇಳಿದ ದಿನ ಸಣ್ಣ ಕಾರ್ಯಕ್ರಮ ಮಾಡೋಣ, ಶಾಮಿಯಾನ ಹಾಕಿಸುತ್ತೇನೆ, ಬ್ಯಾಂಕಿಗೆ ಬರುವ ಜನ ಸಾಲಾಗಿ ನಿಂತರೆ ಒಬ್ಬೊಬ್ಬರಿಗೂ ನನ್ನ ಕೈಯಿಂದ ಚೀಲ ಕೊಡುತ್ತೇನೆ, ಫೋಟೋ ಬಂದರೆ ಮುಂದಿನ ವರ್ಷ ಇನ್ನೊಂದು ಬೋರು ಕೊರೆಸಲೂಬಹುದು ಎಂದರು. ಚೀಲದ ಮೇಲೆ ಅವರ ಚಿತ್ರ ಆಗಲೇ ಅಚ್ಚಾಗಿತ್ತು. ನಾನು ಆಗಲಿ ಎಂದೆ. ಬರೀ ಆಗಲಿ ಎಂದಿದ್ದರೆ ಸಾಲುತ್ತಿತ್ತೇನೋ. ಹಿಂದಿನ ಓಣಿಗಳಲ್ಲಿ ನನ್ನ ದೊಡ್ಡ ದನಿಯಲ್ಲಿ ಸಾರಿಬಂದೆ, ಇಂಥ ದಿನ ಹತ್ತು ಗಂಟೆಗೆ ಬನ್ನಿ, ಸಾಲಾಗಿ ನಿಲ್ಲಿ, ಗದ್ದಲ ಬೇಡ ಎಂದು. ಬಸ್ಸು ಹತ್ತಿಸುವವಳಿಗೆ ಸಾಲು ಅಂದರೆ ಶಿಸ್ತು. ಅದರಲ್ಲಿ ಬೇರೆ ಏನಾದರೂ ಇರಬಹುದೆಂದು ತಲೆಗೇ ಬರಲಿಲ್ಲ.

ಸಂಜೆ ಗೆಳತಿ ಕಾರಖಾನೆಯಿಂದ ನೆಟ್ಟಗೆ ನಮ್ಮ ಮನೆಗೆ ಬಂದಳು. ಕೂಡು ಎಂದರೆ ಕೂಡಲಿಲ್ಲ. ಸೊಂಟದಿಂದ ಬ್ಯಾಂಕಿನ ಬೀಗದ ಕೈ ತೆಗೆದು ಟಿ.ವಿ. ಮೇಜಿನ ಮೇಲೆ ಇಟ್ಟಳು.

“ನಮ್ಮವ್ವ ರಾಶಿ ದಿನ ಕಣದ ಹೊರಗ ನಿಂದ್ರತಿದ್ಲು,” ಎಂದಳು. “ಸೆರಗ ಚಾಚಿದ್ರ ಮ್ಯಾಲಿಂದ ಜ್ವಾಳ ಸುರೀತಿದ್ರು, ಕೈ ತಾಕಬಾರ್ದಂತ. ಅರ್ಧ ನೆಲಕ್ಕ ಬೀಳ್ತಿತ್ತು, ಮಣ್ಣಾಗಿಂದ ನಾವು ಆರಸ್ತಿದ್ವಿ. ಆಕಿ ಊರ ಬಿಟ್ಟು ಇಲ್ಲಿಗಿ ಬಂದದ್ದು ಜ್ವಾಳಕ್ಕಲ್ಲ. ಆ ನಿಂದ್ರೂದು ತಪ್ಪಲಿ ಅಂತ ಬಂದ್ಲು. ನೀ ಈಗ ಮಂದೀನ ಮತ್ತ ನಿಂದ್ರಸ್ತೀನಿ ಅಂದ್ರ, ಕಂಡಕ್ಟರ್ ಬಾಯಿ, ಕೀಲಿ ನೀನ ಇಟಗೋ.”

ನಮ್ಮ ಊರ ಕಣದಲ್ಲಿ ಹಾಗೆ ಮೇಲಿನಿಂದ ಸುರಿದವಳು ನಮ್ಮ ಅಜ್ಜಿ. ಮೊರ ಹಿಡಿದು ಪಕ್ಕದಲ್ಲಿ ನಿಂತವಳು ನಾನು, ಏಳೆಂಟು ವರ್ಷದವಳು. ಒಂದು ಸಲ ಅಜ್ಜಿ ಮೊರವನ್ನು ನನ್ನ ಕೈಗೇ ಕೊಟ್ಟು, ನೀನೇ ಸುರಿ ಎಂದಳು. ಸುರಿದೆ. ನನಗೆ ಆಗ ಹೆಮ್ಮೆಯಾಗಿತ್ತು, ದೊಡ್ಡವರ ಕೆಲಸ ನನಗೆ ಸಿಕ್ಕಿತೆಂದು. ಕೆಳಗೆ ಸೆರಗು ಹಿಡಿದಿದ್ದವಳ ಮುಖ ನೆನಪಿಲ್ಲ, ಯಾಕೆಂದರೆ ನಾನು ನೋಡಿರಲೇ ಇಲ್ಲ. ಇಷ್ಟು ವರ್ಷ ಬಸ್ಸಿನಲ್ಲಿ ಎಲ್ಲ ಜಾತಿಯವರ ಕೈಯಿಂದ ಚಿಲ್ಲರೆ ತೆಗೆದುಕೊಂಡೆ, ಅದರಿಂದಲೇ ತೊಳೆದು ಹೋಯಿತು ಎಂದುಕೊಂಡಿದ್ದೆ. ಹೋಗಿರಲಿಲ್ಲ. ಗೆಳತಿಗೆ ಅದನ್ನೆಲ್ಲ ಹೇಳಿದೆ. ಆಕೆ ಸಮಾಧಾನವನ್ನೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬೀಗದ ಕೈಯನ್ನು ನಾನೇ ಎತ್ತಿ ಆಕೆಯ ಕೈಗಿಟ್ಟೆ. ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಳೆ ಆ ಮನುಷ್ಯನಿಗೆ ಹೇಳಿ ಬಾ ಎಂದಳು.

ಮರುದಿನ ಅಧ್ಯಕ್ಷರ ಮನೆಗೆ ಹೋಗಿ, ಕಾರ್ಯಕ್ರಮವಿಲ್ಲ, ಸಾಲಿಲ್ಲ, ಚೀಲವೂ ಬೇಡ ಎಂದೆ. ನಿನ್ನೆ ಹೂಂ ಅಂದವರು ನೀವೇ ಅಲ್ಲವೇ ಎಂದರು. ಹೌದು, ನಿನ್ನೆ ಬುದ್ಧಿ ಇರಲಿಲ್ಲ ಎಂದೆ. ಅವರು ನಗುತ್ತಲೇ, ಹಾಗಾದರೆ ಬೋರಿನ ಮೋಟಾರು ಕೆಟ್ಟಿದೆ ಎಂದು ತಿಳಿದುಕೊಳ್ಳಿ ಎಂದರು. ಆ ಸಂಜೆ ವಾಲ್ವಿಗೆ ಹೊಸ ಸರಪಳಿ, ಹೊಸ ಬೀಗ. ಹನ್ನೊಂದರಲ್ಲಿ ಮೂವರು ತೋಟಕ್ಕೆ ಬರುವುದನ್ನು ಬಿಟ್ಟರು. ಅವರ ಮನೆಯ ಕಾಗದಪತ್ರಗಳು ಸೊಸಾಯಿಟಿಯಲ್ಲಿದ್ದವು, ಅವರನ್ನು ನಾನು ಬೈಯುವುದಿಲ್ಲ.

ಸೊಲ್ಲಾಪುರದ ಬಿಸಿಲು ಯಾರಿಗಾಗಿಯೂ ಕಾಯುವುದಿಲ್ಲ. ಎರಡನೇ ದಿನಕ್ಕೆ ಸವತೆಯ ಎಲೆ ಜೋತು ಬಿತ್ತು, ಮೂರನೇ ದಿನಕ್ಕೆ ಬೆಂಡೆಯ ಹೂ ಉದುರಿತು. ಮನೆಯ ಬಕೆಟಿನಲ್ಲಿ ಹೊತ್ತರೆ ಒಂದು ಸಾಲಿಗೂ ಸಾಲದು. ನಾಲ್ಕನೇ ದಿನ ಬೆಳಿಗ್ಗೆ ನಾವಿಬ್ಬರೂ ತೋಟದ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆವು. ನಾನು ಅಧ್ಯಕ್ಷರ ವಂಶವನ್ನೇ ಬೈಯುತ್ತಿದ್ದೆ. ಗೆಳತಿ ನನ್ನ ಮಾತಿಗೆ ಕಿವಿಗೊಡದೆ ಗಟಾರದ ಕಡೆ ನೋಡುತ್ತಿದ್ದಳು.

ಅಂದು ನಳ ಬರುವ ದಿನ. ನಮ್ಮ ಕಡೆ ನಳಕ್ಕೆ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಆ ನಾಲ್ಕು ದಿನ ನಾವು ನೀರಿಗೆ ಜಿಪುಣರು. ಒಂದೇ ಬಕೆಟಿನಲ್ಲಿ ಜಳಕ, ತಟ್ಟೆ ತೊಳೆದರೆ ಬೈಗುಳ, ಅಕಸ್ಮಾತ್ ನಳ ಬಾರದಿದ್ದರೆ ಎಂದು ಅರ್ಧ ಬ್ಯಾರಲ್ ಮುಚ್ಚಿಡುವುದು. ಐದನೇ ದಿನ ನಳ ಸುಂಯ್ ಎಂದ ಕೂಡಲೇ ಆ ಅರ್ಧ ಬ್ಯಾರಲನ್ನು ಗಟಾರಕ್ಕೆ ಸುರಿಯುತ್ತೇವೆ. ಹೊಸ ನೀರು ಬಂದ ಮೇಲೆ ಹಳೆಯದು ಶಿಳೆ, ತಂಗಳು. ನಿನ್ನೆಯ ತಂಗಳು ರೊಟ್ಟಿಯನ್ನು ಮೊಸರಿನಲ್ಲಿ ಕಲಸಿ ತಿನ್ನುವ ಜನ ನಾವು, ತಂಗಳು ನೀರನ್ನು ಮಾತ್ರ ಕಣ್ಣೆತ್ತಿ ನೋಡುವುದಿಲ್ಲ. ಹಂಡೆ, ಕೊಡ, ಬ್ಯಾರಲ್ ಎಲ್ಲ ತಿಕ್ಕಿ ತುಂಬದಿದ್ದರೆ ಅವಳೆಂಥ ಹೆಂಗಸು? ನಾನೂ ಜೀವಮಾನವಿಡೀ ಹಾಗೇ ಸುರಿದವಳು.

ಗಟಾರದಲ್ಲಿ ತಿಳಿನೀರು ಹರಿಯುತ್ತಿತ್ತು. ಇದು ಯಾರ ನೀರು ಎಂದು ಗೆಳತಿ ಕೇಳಿದಳು. ಚೆಲ್ಲಿದ ನೀರು ಯಾರದು, ಯಾರದೂ ಅಲ್ಲ ಎಂದೆ.

“ಯಾರದೂ ಅಲ್ಲಂದ್ರ ಅದಕ್ಕ ಕೀಲಿನೂ ಇಲ್ಲ,” ಎಂದು ಆಕೆ ಎದ್ದು ನಿಂತಳು.

ಮುಂದಿನದು ನನ್ನ ದನಿಯ ಕೆಲಸ. ಓಣಿಯ ಬಾಯಲ್ಲಿ ನಿಂತು ಬಸ್‌ಸ್ಟ್ಯಾಂಡಿನಲ್ಲಿ ಕೂಗಿದಂತೆ ಕೂಗಿದೆ, ಹಳೆ ನೀರು ಚೆಲ್ಲಬೇಡಿ, ತೋಟಕ್ಕೆ ತನ್ನಿ ಎಂದು. ಹೆಂಗಸರು ಬಾಗಿಲಿಗೆ ಬಂದು ನಿಂತರು, ಕೊಡ ಎತ್ತಲಿಲ್ಲ. ಅಧ್ಯಕ್ಷರ ಹೆದರಿಕೆ ಇರಬೇಕು ಎಂದುಕೊಂಡೆ. ಅದಲ್ಲ. ಎದುರು ಮನೆಯ ಅಜ್ಜಿ ಹೇಳಿದಳು, ಶಿಳೆ ನೀರನ್ನು ದಾನ ಕೊಟ್ಟರೆ ಪಾಪ ಹತ್ತುತ್ತದೆ, ಕೊಡುವುದಾದರೆ ಹೊಸ ನೀರು ಕೊಡಬೇಕು, ಹೊಸದು ಕೊಡಲು ನನ್ನ ಹತ್ತಿರ ಇಲ್ಲ. ಎಷ್ಟು ಸರಿಯಾದ ಮಾತು, ಎಷ್ಟು ಅಡ್ಡವಾದ ಮಾತು! ಇಡೀ ಓಣಿ ಪಾಪಕ್ಕೆ ಹೆದರಿ ಗಟಾರಕ್ಕೆ ನೀರು ಸುರಿಯುತ್ತಿತ್ತು.

“ದಾನ ಕೊಡ್ರಿ ಅಂತ ಯಾರ್ ಅಂದಾರ್ರೀ ಆಯಿ?” ಎಂದೆ. “ಚೆಲ್ಲೂದು ಚೆಲ್ರಿ. ಜಾಗಾ ಅಷ್ಟ ಬದಲ ಮಾಡ್ರಿ.”

ಅಜ್ಜಿ ಸ್ವಲ್ಪ ಯೋಚಿಸಿದಳು. ಚೆಲ್ಲುವುದಕ್ಕೆ ಪಾಪವಿಲ್ಲ ಎಂದು ಒಪ್ಪಿ, ಸೊಸೆಯ ತಲೆಯ ಮೇಲೆ ಹಂಡೆ ಹೊರಿಸಿದಳು. ಅಂದು ಆ ಒಂದು ಓಣಿಯಿಂದ ಬಂದ ನೀರಿಗೆ ಬೆಂಡೆ, ಚೌಳಿ ಎರಡೂ ತಲೆ ಎತ್ತಿದವು. ನಮ್ಮ ಅದೃಷ್ಟಕ್ಕೆ ಎಲ್ಲ ಓಣಿಗೂ ನಳ ಒಂದೇ ದಿನ ಬರುವುದಿಲ್ಲ. ಮುಂದಿನ ಸಾಲಿಗೆ ಒಂದು ದಿನ, ಹಿಂದಿನ ಓಣಿಗೆ ಮರುದಿನ, ವಿಹಾರದ ಆಚೆ ಇನ್ನೊಂದು ದಿನ. ಯಾವ ದಿನ ಯಾರ ತಂಗಳು ಎಂಬುದು ಎರಡು ವಾರದಲ್ಲಿ ಎಲ್ಲರ ಬಾಯಿಪಾಠವಾಯಿತು. ಮಾಳಿಗೆಯ ಮೇಲೆ ಬಿದ್ದಿದ್ದ ಹೋದ ವರ್ಷದ ಮಣ್ಣಿನ ಗಡಿಗೆಗಳನ್ನು ಇಳಿಸಿದೆವು. ಒಂದು ಬೇಸಿಗೆ ಕಳೆದ ಗಡಿಗೆ ನೀರನ್ನು ತಣ್ಣಗೆ ಮಾಡುವುದಿಲ್ಲವೆಂದು ವರ್ಷವೂ ಹೊಸದು ಕೊಳ್ಳುತ್ತೇವಲ್ಲ, ಅವು. ಬುಡಕ್ಕೆ ಮೊಳೆಯಿಂದ ತೂತು ಮಾಡಿ, ಚಿಂದಿ ಸಿಕ್ಕಿಸಿ, ಬಳ್ಳಿಗಳ ಪಕ್ಕ ಹೂತೆವು. ಮೇಲೆ ಜೋಳದ ಒಣ ಸೋಗೆ ಹಾಸಿದೆವು. ಹನಿಹನಿಯಾಗಿ ಇಳಿಯುವ ನೀರು ಮೂರು ದಿನ ತಡೆಯುತ್ತಿತ್ತು.

ಎಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳು. ಮೂಲೆ ಮನೆಯವಳು ಬ್ಲೀಚಿಂಗ್ ಪುಡಿ ಹಾಕಿ ತೊಳೆದ ಟಾಕಿಯ ನೀರನ್ನು ಸವತೆಯ ಮಡಿಗೆ ಸುರಿದಳು. ಸಂಜೆಗೆ ಬಳ್ಳಿ ಸುಟ್ಟು ಬೆಳ್ಳಗಾಯಿತು. ನಾನು ಆಕೆಯ ಬಾಗಿಲಲ್ಲಿ ನಿಂತು ಏನೇನು ಅಂದೆನೋ, ಇಲ್ಲಿ ಬರೆಯುವಂಥದ್ದಲ್ಲ. ಆಕೆ ಅತ್ತಳು. ಆ ಸಾಲಿನ ನಾಲ್ಕು ಮನೆಗಳು ನೀರು ತರುವುದನ್ನೇ ನಿಲ್ಲಿಸಿದವು. ಪುಡಿಗೆ ಹೋದದ್ದು ಒಂದು ಬಳ್ಳಿ, ನಿನ್ನ ಬಾಯಿಗೆ ಇನ್ನೂ ನಾಲ್ಕು ಬಳ್ಳಿ ಹೋಗುತ್ತವೆ, ಹೋಗಿ ಕ್ಷಮೆ ಕೇಳು ಎಂದು ಗೆಳತಿ ಕಡ್ಡಿ ಮುರಿದಂತೆ ಹೇಳಿದಳು. ಹೋದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾವ ಸಾಹೇಬನ ಮುಂದೆಯೂ ತಪ್ಪಾಯಿತು ಎನ್ನದವಳು ಆ ಹೆಂಗಸಿನ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಆ ಮಾತು ಅಂದೆ. ಆಕೆ ಚಹಾ ಮಾಡಿದಳು. ಮುಂದಿನ ಪಾಳಿಗೆ ಆ ಸಾಲಿನಿಂದ ಮತ್ತೆ ನೀರು ಬಂತು.

ಯುಗಾದಿ ಕಳೆದು ಮೂರು ವಾರಕ್ಕೆ ಕಾಯಿ ಇಳಿಯಿತು. ಕೊಡುವುದು ಹೇಗೆ ಎಂಬುದನ್ನು ಗೆಳತಿ ಒಂದೇ ಮಾತಲ್ಲಿ ಮುಗಿಸಿದಳು: ಇಲ್ಲಿ ಯಾರೂ ಯಾರಿಗೂ ಕೊಡುವುದಿಲ್ಲ. ಬೇಕಾದವರು ಬೆಳಿಗ್ಗೆ ಬಂದು ತಮ್ಮ ಕೈಯಿಂದ ತಾವೇ ಹರಿದುಕೊಳ್ಳುವುದು, ಎಳೆಯದನ್ನು ಬಿಡುವುದು, ಹೋಗುವಾಗ ಒಂದು ಸಾಲಿನ ಕಳೆ ಕೀಳುವುದು. ನೀರು ಚೆಲ್ಲಿದವರೂ ಬಂದರು, ಬ್ಯಾಂಕಿನವರೂ ಬಂದರು. ಆ ಬೀಡಿಯ ಮುದುಕಿ ಹೀರೆಕಾಯಿಯನ್ನು ಮೂಸಿ ಮೂಸಿ ಆರಿಸುತ್ತಿದ್ದಳು, ಅದು ಕಹಿ, ಇದು ಬಲಿತಿದೆ ಎಂದು ನಮಗೇ ತಪ್ಪು ಹೇಳುತ್ತಿದ್ದಳು. ಧರ್ಮಕ್ಕೆ ಕೊಟ್ಟ ದನದ ಹಲ್ಲು ಎಣಿಸಬಾರದು ಎನ್ನುತ್ತಾರೆ. ಆಕೆ ಎಣಿಸಿದಳು. ನನಗೆ ಅದನ್ನು ನೋಡಿ ಆದ ಸಂತೋಷ ಇಷ್ಟಿಷ್ಟಲ್ಲ.

ಎರಡನೇ ಕೊಯ್ಲಿನ ದಿನ ಅಧ್ಯಕ್ಷರು ಬಂದರು. ಜೊತೆಗೆ ಬ್ಯಾನರು, ಚೀಲದ ಕಟ್ಟು, ಒಬ್ಬ ಫೋಟೋದವನು. ಜಾಗ ಸೊಸಾಯಿಟಿಯದು, ಬರಬೇಡಿ ಎನ್ನಲು ನಮಗೆ ಹಕ್ಕಿರಲಿಲ್ಲ. ಬೇಲಿಗೆ ಬ್ಯಾನರು ಕಟ್ಟಿಸಿ, ಒಂದೇ ಫೋಟೋ, ಇವತ್ತೇ ವಾಲ್ವು ತೆಗೆಸುತ್ತೇನೆ ಎಂದರು. ಫೋಟೋದವನಿಗೆ ಹೊತ್ತಾಗುತ್ತಿತ್ತು. ಲಾಭಾರ್ಥಿಗಳೆಲ್ಲ ಎಡಕ್ಕೆ ಬನ್ನಿ, ತೋಟದವರು ಬಲಕ್ಕೆ ನಿಲ್ಲಿ ಎಂದು ಕೂಗಿದ.

ಲಾಭಾರ್ಥಿ ಅಂದರೆ ಕೊಟ್ಟದ್ದನ್ನು ಪಡೆಯುವವರು; ಸರಕಾರಿ ಕಾಗದದ ಆ ಶಬ್ದ ಕೇಳಿ ಮುದುಕಿಯ ಕೈ ಕಾಯಿಯ ಮೇಲೆಯೇ ನಿಂತಿತು. ಹಿಂದಿನ ಓಣಿಯ ಇಬ್ಬರು ತಲೆ ತಗ್ಗಿಸಿ, ಹೇಳಿದ್ದನ್ನು ಕೇಳಿ ರೂಢಿಯಾದವರಂತೆ ಎಡಕ್ಕೆ ಸರಿಯತೊಡಗಿದರು. ನನ್ನ ನೆತ್ತಿಗೆ ಸಿಟ್ಟೇರಿತು. ನಾನು ಬಲಕ್ಕೆ ಹೋಗಲಿಲ್ಲ. ದಾಪುಗಾಲು ಹಾಕಿ ಎಲ್ಲರಿಗಿಂತ ಮೊದಲು ಎಡಕ್ಕೆ ಹೋಗಿ ನಿಂತೆ. ಪಿಂಚಣಿ ತಿನ್ನುವವಳು, ಎದೆ ಉಬ್ಬಿಸಿ, ತೆಗೆಯಪ್ಪಾ ನನ್ನ ಫೋಟೋ ಎಂಬಂತೆ. ನನ್ನ ಹಿಂದೆ ಬ್ಲೀಚಿಂಗ್ ಪುಡಿಯವಳು ಬಂದಳು, ಅಜ್ಜಿಯ ಸೊಸೆ ಬಂದಳು, ಒಬ್ಬೊಬ್ಬರಾಗಿ ಎಂಟು ಹತ್ತು ಜನ ಬಂದರು. ಬಲಗಡೆ ಅಧ್ಯಕ್ಷರು ಒಬ್ಬರೇ ಉಳಿದರು. ಗೆದ್ದೆ ಎಂದುಕೊಂಡೆ. ಹಾಗೇ ಗೆಳತಿಯ ಕಡೆ ತಿರುಗಿ, ಬಾ ಅಕ್ಕಾ, ನನ್ನ ಪಕ್ಕಕ್ಕೆ ಬಾ ಎಂದು ಕರೆದೆ.

ಆಕೆ ಬೆಂಡೆಯ ಸಾಲಿನಿಂದ ತಲೆಯನ್ನೇ ಎತ್ತಲಿಲ್ಲ.

“ನೀ ನಿಂದ್ರು ಬಾಯಿ,” ಎಂದಳು. “ಇಲ್ಲಿ ಬೆಂಡಿ ಬಲಿಯಾಕತ್ತಾವ.”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಎಡಕ್ಕಾದರೇನು, ಬಲಕ್ಕಾದರೇನು, ನಿಂತಂತೂ ನಿಂತಿದ್ದೆ. ಅವನು ಗೆರೆ ಎಳೆದ, ನಾನು ಓಡಿ ಹೋಗಿ ಆ ಗೆರೆಯ ಮೇಲೆ ನಿಂತೆ. ಬೇರೆಯವರನ್ನೂ ನಿಲ್ಲಿಸಿದೆ, ಎರಡನೇ ಸಲ. ಸಾಲು ಬಿಟ್ಟು ಚೌಳಿಯ ಮಡಿಗೆ ಹೋಗಿ ಬಗ್ಗಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಸೀರೆಯ ಸಪ್ಪಳ, ಆಮೇಲೆ ಇನ್ನೊಂದು. ಮುದುಕಿ ಮೂಗಿಗೆ ಹಿಡಿದಿದ್ದ ಹೀರೆಕಾಯಿ ಕಹಿಯೆಂದು ತೀರ್ಮಾನಿಸಿ ಮುಂದಿನದಕ್ಕೆ ಕೈ ಹಾಕಿದಳು. ಫೋಟೋದವನು ಎರಡು ಮೂರು ಸಲ ಇತ್ತ ನೋಡಿ ಎಂದು ಕೂಗಿದ. ನೋಡಿದವರು ಯಾರೂ ಇಲ್ಲ. ಕೊನೆಗೆ ಇದ್ದದ್ದನ್ನೇ ತೆಗೆದುಕೊಂಡು ಹೋದ.

ಫೋಟೋ ಸಂಜೆ ಕಾಲನಿಯ ವಾಟ್ಸಾಪಿಗೆ ಬಂತು. ಬೇಲಿಗೆ ಬ್ಯಾನರು, ಬ್ಯಾನರಿನಲ್ಲಿ ಅಧ್ಯಕ್ಷರ ನಗು, ಅದರ ಕೆಳಗೆ ಬಗ್ಗಿದ ಬೆನ್ನುಗಳು. ಒಂದೂ ಮುಖವಿಲ್ಲ. ಇದರಲ್ಲಿ ಲಾಭಾರ್ಥಿಗಳು ಯಾರು ಎಂದು ಯಾರೋ ಕೇಳಿದ್ದರು. ನಾನು ಉದ್ದನೆಯ ಉತ್ತರ ಬರೆಯಲು ಹೊರಟೆ. ಗೆಳತಿ ಫೋನು ಕಸಿದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು, ತನ್ನ ಬೆನ್ನು ಯಾವುದೆಂದು ಆಕೆಗೂ ತಿಳಿಯಲಿಲ್ಲ. ಆಕೆ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ಉತ್ತರ ಬರೆಯಬೇಡ, ನಾಳೆ ಹಿಂದಿನ ಓಣಿಗೆ ನಳ ಬರುತ್ತದೆ, ಬೇಗ ಎದ್ದು ಬಾ ಎಂದಳು.

ಇದಾಗಿ ಎರಡು ಬೇಸಿಗೆ ಕಳೆದಿವೆ. ಬಿಟ್ಟುಹೋದ ಮೂವರಲ್ಲಿ ಇಬ್ಬರು ತಿರುಗಿ ಬಂದಿದ್ದಾರೆ. ಈ ವರ್ಷ ಬದನೆಯನ್ನೂ ಹಾಕಿದ್ದೇವೆ. ವಾಲ್ವಿನ ಕೀಲಿ ಇನ್ನೂ ಅಧ್ಯಕ್ಷರ ಹತ್ತಿರವೇ ಇದೆ. ನಾವು ಕೇಳಿಲ್ಲ.